ಮಲ್ಲೇಶ್ವರದ ಒಂದು 40–60 ಸೈಟು, ನಾಲ್ಕು ಪಾಲು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಈಗ ಎಷ್ಟೋ ಮನೆಗಳಲ್ಲಿ ಒಂದೇ ಮಾತು ನಡೆಯುತ್ತಿದೆ. ಅಪ್ಪ ಕಟ್ಟಿಸಿದ ಮನೆ ಇದೆ, ಅಪ್ಪ ಇಲ್ಲ. ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ. ಅಮ್ಮ ಮಾತ್ರ ಅದೇ ಮನೆಯಲ್ಲಿ. ಮಾರೋದಾ, ಬಿಲ್ಡರ್‌ಗೆ ಕೊಡೋದಾ, ಹಾಗೇ ಇಟ್ಟುಕೊಳ್ಳೋದಾ?

ನಾನು ಸಿವಿಲ್ ಎಂಜಿನಿಯರ್. ಹಳೇ ಮನೆಗಳ ರಿಪೇರಿ ನನ್ನ ಕೆಲಸ. ತಾರಸಿ ಸೋರುತ್ತಿದೆ ಅಂತ ಕರೆಯುತ್ತಾರೆ, ಹೋಗಿ ನೋಡಿ ಕೂತರೆ ಮಾತು ನಿಧಾನಕ್ಕೆ ಪಾಲಿನ ಕಡೆ ತಿರುಗುತ್ತದೆ. ಅಂಥ ಒಂದು ಮನೆಯ ವಿಷಯ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಹಾಕುವುದಿಲ್ಲ. ಇದೇ ಪರಿಸ್ಥಿತಿಯಲ್ಲಿ ಇರುವವರಿಗೆ ಲೆಕ್ಕ ಮತ್ತು ಕಾಗದದ ವಿವರ ಉಪಯೋಗಕ್ಕೆ ಬರಲಿ ಅಂತ.

ಮನೆ, ಮನೆಯವರು

ಮಲ್ಲೇಶ್ವರದಲ್ಲಿ ಮಾರ್ಗೋಸಾ ರಸ್ತೆಗೆ ಹತ್ತಿರದ ಒಂದು ಅಡ್ಡರಸ್ತೆ. 40–60 ಸೈಟು, ಅಂದರೆ 2400 ಚದರಡಿ. 1960ರ ದಶಕದಲ್ಲಿ ಅಪ್ಪ ಸ್ವಂತ ಸಂಪಾದನೆಯಲ್ಲಿ ಸೈಟು ಕೊಂಡು ಕಟ್ಟಿಸಿದ್ದು. ಒಂದೇ ಅಂತಸ್ತು, ಮುಂದೆ ಜಗಲಿ, ಕೆಂಪು ರೆಡ್ ಆಕ್ಸೈಡ್ ನೆಲ, ಮೇಲೆ ಮದ್ರಾಸ್ ತಾರಸಿ. ಹಿಂದೆ ಎರಡು ಕೋಣೆಯ ಔಟ್‌ಹೌಸು, ಅದರಲ್ಲಿ 1980ರ ದಶಕದಿಂದ ಇರುವ ಬಾಡಿಗೆಯವರು. ಅಂಗಳದಲ್ಲಿ ಒಂದು ಮಾವು, ಒಂದು ಸಂಪಿಗೆ.

ಅಪ್ಪ 2019ರಲ್ಲಿ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಮ್ಮನಿಗೆ ಎಂಬತ್ತು ಹತ್ತಿರ. ದೊಡ್ಡ ಮಗ ಅಮೆರಿಕದಲ್ಲಿ, ಅಲ್ಲೇ ನೆಲೆ ನಿಂತಿದ್ದಾರೆ. ಮಗಳು ವಿಜಯನಗರದಲ್ಲಿ. ಚಿಕ್ಕ ಮಗ ಹೆಂಡತಿ, ಮಗಳ ಜೊತೆ ಇದೇ ಮನೆಯಲ್ಲಿ ಅಮ್ಮನನ್ನು ನೋಡಿಕೊಂಡಿದ್ದಾರೆ.

ಈ ಜಾಗದ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಮುಂದೆ ಅದು ಲೆಕ್ಕಕ್ಕೆ ಬರುತ್ತದೆ. ಮಲ್ಲೇಶ್ವರ, ಬಸವನಗುಡಿ ಎರಡೂ 1890ರ ದಶಕದಲ್ಲಿ ಯೋಜನೆ ಹಾಕಿ ಮಾಡಿದ ಬಡಾವಣೆಗಳು. 1898ರಲ್ಲಿ ಪ್ಲೇಗ್ ಬಂದಮೇಲೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಇಲ್ಲಿಗೆ ಬಂದರು. ನೇರವಾದ ರಸ್ತೆಗಳು, ನಂಬರು ಹಾಕಿದ ಕ್ರಾಸುಗಳು, ಮತ್ತೆ ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಸಣ್ಣ ಓಣಿ. ಇದಕ್ಕೆ ಕನ್ಸರ್ವೆನ್ಸಿ ಲೇನ್ ಅಂತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಶುಚಿ ಮಾಡುವವರು ಹಿಂದಿನಿಂದ ಬಂದು ಹೋಗಲಿ ಅಂತ ಬಿಟ್ಟ ಜಾಗ. ಆ ಕ್ರೂರ ಪದ್ಧತಿ ಹೋಯಿತು, ಓಣಿ ಉಳಿದಿದೆ.

ಇನ್ನು ಅಮ್ಮನ ದಿನಚರಿ. ಬೆಳಿಗ್ಗೆ ಎಂಟನೇ ಕ್ರಾಸಿಗೆ ನಡೆದು ಹೋಗಿ ಹೂವು, ತರಕಾರಿ. ಸೋಮವಾರ ಕಾಡು ಮಲ್ಲೇಶ್ವರನ ಗುಡಿ, ಎದುರಿಗೇ ನಂದಿ ತೀರ್ಥ. ಬಿ.ಪಿ. ಮಾತ್ರೆ ಕೊಡುವ ಮೆಡಿಕಲ್ ಶಾಪಿನವರಿಗೆ ಇವರ ಚೀಟಿ ಬಾಯಿಪಾಠ. ಕೆ.ಸಿ. ಜನರಲ್ ಆಸ್ಪತ್ರೆ ಆಟೋದಲ್ಲಿ ಕೂತರೆ ಐದು ನಿಮಿಷ. ಮಗ ಸಂಪಿಗೆ ರಸ್ತೆ ಸ್ಟೇಷನ್ನಿನಿಂದ ಮೆಟ್ರೋ ಹತ್ತಿ ಜಯನಗರದ ಆಫೀಸಿಗೆ ಹೋಗುತ್ತಾರೆ, ಮೊಮ್ಮಗಳು ಕಾಲೇಜಿಗೆ ನಡೆದೇ ಹೋಗುತ್ತಾಳೆ. ಇಡೀ ಮನೆಗೆ ಇರುವುದು ಒಂದೇ ಸ್ಕೂಟರು, ಅದೂ ಎಷ್ಟೋ ದಿನ ಹೊರಗೆ ತೆಗೆಯುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಬದುಕುವವರು ಎಷ್ಟು ಜನ ಸಿಗುತ್ತಾರೆ ಹೇಳಿ? ಮನೆಗೆ ಬೆಲೆ ಕಟ್ಟುವಾಗ ಈ ಸಾಲುಗಳನ್ನು ಯಾರೂ ಬರೆದುಕೊಳ್ಳುವುದಿಲ್ಲ. ನನಗೆ ಇದು ತುಂಬ ಬೇಜಾರಿನ ವಿಷಯ.

ಜಗಳ ಶುರುವಾಗಿದ್ದು ಎಲ್ಲಿ

2025ರ ಬೇಸಿಗೆಯಲ್ಲಿ ಒಬ್ಬ ಬಿಲ್ಡರ್ ಬಂದರು. ಜಾಯಿಂಟ್ ಡೆವಲಪ್‌ಮೆಂಟ್, ಅಂದರೆ ಜಾಗ ನಿಮ್ಮದು, ಕಟ್ಟುವ ಖರ್ಚು ನಮ್ಮದು, ಅರ್ಧ ನಿಮಗೆ ಅರ್ಧ ನಮಗೆ, ಮೇಲೆ ಒಂದಿಷ್ಟು ಅಡ್ವಾನ್ಸು. ಅದೇ ಸಮಯಕ್ಕೆ ಒಬ್ಬ ಬ್ರೋಕರ್ ಮೂಲಕ ನೇರವಾಗಿ ಕೊಳ್ಳುವವರೂ ಬಂದರು.

ಚಿಕ್ಕ ಮಗನಿಗೆ ಗಾಬರಿ ಆಯಿತು. ಮನೆ ಕೈ ಬಿಟ್ಟು ಹೋಗುತ್ತೆ ಅಂತ ಅವಸರದಲ್ಲಿ ಒಬ್ಬರ ಹತ್ತಿರ ಹಕ್ಕು ಬಿಡುಗಡೆ ಪತ್ರದ ಡ್ರಾಫ್ಟ್ ಬರೆಸಿ, ಅಕ್ಕನಿಗೆ ವಾಟ್ಸಾಪ್‌ನಲ್ಲಿ ಕಳಿಸಿದರು. "ಅಕ್ಕಾ, ಇದು ಸುಮ್ನೆ ಫಾರ್ಮಾಲಿಟಿ, ಒಂದು ಸೈನ್ ಹಾಕಿಕೊಡು, ಖಾತೆ ಮಾಡಿಸೋಕೆ ಬೇಕು" ಅಂತ. ಅಕ್ಕ ಓದಿದರು. ಅದರಲ್ಲಿ ಅವರ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆ ಅಂತ ಇತ್ತು. ಆಮೇಲೆ ಮೂರು ತಿಂಗಳು ಅವರು ಆ ಮನೆಗೆ ಕಾಲಿಡಲಿಲ್ಲ.

ಚಿಕ್ಕ ಮಗನ ಮನಸ್ಸಿನಲ್ಲಿ ಇದ್ದದ್ದು ಇಷ್ಟು: ಅಕ್ಕನ ಮದುವೆ ಆಗಿದ್ದು 1989ರಲ್ಲಿ, ಕರ್ನಾಟಕದ ಕಾನೂನು ಬಂದದ್ದು 1994ರಲ್ಲಿ, ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲ. ಈ ಮಾತನ್ನು ನಾನು ಅದೆಷ್ಟೋ ಮನೆಗಳಲ್ಲಿ ಕೇಳಿದ್ದೇನೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1994ರ ಕರ್ನಾಟಕ ತಿದ್ದುಪಡಿ ಇದ್ದದ್ದು ಪಿತ್ರಾರ್ಜಿತ, ಅಂದರೆ ಕೂಡು ಕುಟುಂಬದ ಆಸ್ತಿಗೆ. ಅದರಲ್ಲಿ ಆಗಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದು ನಿಜ. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು.

ಆದರೆ ಈ ಮನೆಗೆ ಆ ಚರ್ಚೆಯೇ ಬೇಕಿರಲಿಲ್ಲ. ಇದು ಅಪ್ಪನ ಸ್ವಯಾರ್ಜಿತ. ಸ್ವಯಾರ್ಜಿತ ಆಸ್ತಿ ಇದ್ದವರು ಉಯಿಲು ಬರೆಯದೆ ಹೋದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಮದುವೆ ಯಾವ ವರ್ಷ ಆಯಿತು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಮ್ಮನಿಗೆ ಕಾಲು ಭಾಗ, ಮೂವರು ಮಕ್ಕಳಿಗೆ ಒಂದೊಂದು ಕಾಲು.

ಇದನ್ನು ವಕೀಲರು ಒಂದೇ ಪುಟದಲ್ಲಿ ಬರೆದುಕೊಟ್ಟರು. ಆ ಪುಟ ಬಂದಮೇಲೆ ಮನೆಯಲ್ಲಿ ಗಲಾಟೆ ಅರ್ಧ ಇಳಿಯಿತು.

ಮಾರಿದರೆ ಕೈಗೆ ಎಷ್ಟು

ಭಾನುವಾರ ಎಲ್ಲರೂ ಕೂತರು, ದೊಡ್ಡ ಮಗ ವಿಡಿಯೋ ಕಾಲ್‌ನಲ್ಲಿ. ಲೆಕ್ಕ ಸುಲಭ ಆಗಲಿ ಅಂತ ಚದರಡಿಗೆ 25,000 ರೂಪಾಯಿ ಅಂತ ಇಟ್ಟುಕೊಂಡೆವು. 2400 ಚದರಡಿಗೆ 6 ಕೋಟಿ. ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಒಂದೂವರೆ ಕೋಟಿ. ಆರು ಕೋಟಿ ಅನ್ನೋ ಶಬ್ದ ಕೇಳಿದಾಗ ಮನೆ ಮಂದಿಯ ಮುಖ ಅರಳಿದ್ದು ಸಹಜ.

ಆಮೇಲೆ ತೆರಿಗೆ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಶೇ 12.5, ಇಂಡೆಕ್ಸೇಷನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲೆಕ್ಕ ಹಾಕುವುದು) ಇಲ್ಲ. ಅದಕ್ಕೂ ಮೊದಲು ಬಂದ ಆಸ್ತಿಗೆ ಹಳೇ ಲೆಕ್ಕ, ಅಂದರೆ ಇಂಡೆಕ್ಸೇಷನ್ ಜೊತೆ ಶೇ 20, ಯಾವುದು ಕಡಿಮೆಯೋ ಅದನ್ನು ಆರಿಸಿಕೊಳ್ಳಬಹುದು. ಆದರೆ ಆ ಆಯ್ಕೆ ಇಲ್ಲಿ ವಾಸ ಇರುವವರಿಗೆ ಮಾತ್ರ, ಅಮೆರಿಕದಲ್ಲಿರುವ ಅಣ್ಣನಿಗೆ ಇಲ್ಲ. ಹಳೇ ಆಸ್ತಿಗೆ ಕೊಂಡ ಬೆಲೆಯ ಬದಲು 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆ ಹಿಡಿಯಬಹುದು. ಅದೆಲ್ಲ ಕಳೆದರೂ ಅಣ್ಣನ ಪಾಲಿನ ಮೇಲೆ ತೆರಿಗೆ ಹದಿನೆಂಟು ಲಕ್ಷದ ಹತ್ತಿರ ಬರುತ್ತದೆ, ಸೆಸ್ಸು, ಸರ್‌ಚಾರ್ಜು ಬೇರೆ. ಇನ್ನೊಂದು ತೊಡಕು: ಮಾರುವವರು ಇಲ್ಲಿಯವರಾದರೆ ಕೊಳ್ಳುವವರು ಕೊಡುವ ದುಡ್ಡಿನಲ್ಲೇ ಶೇ 1 ತೆರಿಗೆ (ಟಿಡಿಎಸ್) ಹಿಡಿದರೆ ಸಾಕು, ಎನ್‌ಆರ್‌ಐ ಆದರೆ ಪೂರ್ತಿ ದರದಲ್ಲೇ ಹಿಡಿಯಬೇಕು. ಕಡಿಮೆ ಹಿಡಿಯಲಿ ಅಂದರೆ ಮೊದಲೇ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕು. ಕೊಳ್ಳುವವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ, ನೋಂದಣಿ ದಿನ ಹತ್ತಿರ ಬಂದಾಗ ಗಲಿಬಿಲಿ ಆಗುತ್ತದೆ.

ಬಂದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ಉಳಿಯುತ್ತದೆ, ಸರಿ. ಕೊಳ್ಳುವುದಾದರೆ ಎರಡು ವರ್ಷದೊಳಗೆ, ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ಆದರೆ ಚಿಕ್ಕ ಮಗ ಒಂದೂವರೆ ಕೋಟಿ ಹಿಡಿದುಕೊಂಡು ಮಲ್ಲೇಶ್ವರದಲ್ಲಿ ಮೂರು ರೂಮಿನ ಹೊಸ ಫ್ಲಾಟ್ ಕೇಳಿದರೆ ಸಿಗುತ್ತದಾ? ಸಿಗುವುದಿಲ್ಲ. ಅಮ್ಮನ ಪಾಲು ಸೇರಿಸಿದರೆ ಏನೋ ಒಂದು ಸಿಗಬಹುದು, ಆಗ ಅಮ್ಮನ ಕೈ ಖಾಲಿ. ಅದರ ಮೇಲೆ ಮುದ್ರಾಂಕ ಶುಲ್ಕ ಶೇ 5, ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ. ಈ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2ಕ್ಕೆ ಏರಿತು. ಎಲ್ಲ ಸೇರಿ ಶೇ ಏಳೂವರೆ ದಾಟುತ್ತದೆ. ಅಂದರೆ ಒಂದೂವರೆ ಕೋಟಿಯ ಮನೆಗೆ ಹನ್ನೊಂದು ಲಕ್ಷಕ್ಕೂ ಜಾಸ್ತಿ ಬರೀ ಕಾಗದಕ್ಕೆ.

ಹಾಗಾಗಿ ಮಾರುವುದು ಅಂದರೆ ಮಲ್ಲೇಶ್ವರ ಬಿಡುವುದು. ನೆಲಮಂಗಲದ ಕಡೆಯೋ ಥಣಿಸಂದ್ರದ ಕಡೆಯೋ ಹೋಗುವುದು. ಕೆಲವರಿಗೆ ಅದು ಸರಿಹೋಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಎಂಬತ್ತರ ಅಮ್ಮನಿಗೆ ಸರಿಹೋಗುತ್ತದಾ ಅಂತ ಕೇಳಬೇಕಾದವರು ಯಾರು? ಆ ಭಾನುವಾರದವರೆಗೂ ಅಮ್ಮನನ್ನು ಯಾರೂ ನೇರವಾಗಿ ಕೇಳಿರಲಿಲ್ಲ.

ಬಿಲ್ಡರ್ ಕೊಟ್ಟ ಕಾಗದ

ಬಿಲ್ಡರ್ ಕೊಟ್ಟ ಪ್ಲಾನಿನಲ್ಲಿ ಕೆಳಗೆ ಕಂಬಗಳ ನಡುವೆ ಗಾಡಿ ನಿಲ್ಲಿಸುವ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ಐದು ಫ್ಲಾಟು, ಒಂದೊಂದೂ 1350 ಚದರಡಿ ಸೂಪರ್ ಬಿಲ್ಟಪ್. ನೋಡಲು ತುಂಬ ಚೆನ್ನಾಗಿತ್ತು.

ನಾನು ಪೆನ್ಸಿಲ್ ತಗೊಂಡು ಅಮ್ಮನ ಎದುರಿಗೇ ಲೆಕ್ಕ ಹಾಕಿದೆ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ಇಷ್ಟು ದೊಡ್ಡ ಸೈಟಿಗೆ, ಇಂಥ ಸಣ್ಣ ರಸ್ತೆಯಲ್ಲಿ, ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋದು) 1.75. ಅಂದರೆ 2400ರ ಒಂದೂಮುಕ್ಕಾಲು ಪಾಲು, 4200 ಚದರಡಿ. ಸ್ಟಿಲ್ಟ್ ಪಾರ್ಕಿಂಗ್ ಅದರಲ್ಲಿ ಸೇರುವುದಿಲ್ಲ, ಇರಲಿ. 4200ರಲ್ಲಿ ಅರ್ಧ ಬಿಲ್ಡರ್‌ಗೆ. ಉಳಿದ 2100 ಚದರಡಿ ನಾಲ್ಕು ಜನಕ್ಕೆ. ಒಬ್ಬೊಬ್ಬರಿಗೆ 525.

525 ಚದರಡಿ ಅಂದರೆ ಒಂದು ಹಾಲು, ಒಂದು ರೂಮು, ಒಂದು ಅಡಿಗೆಮನೆ. ಅದೂ ಗೋಡೆ, ಮೆಟ್ಟಿಲಿನ ಜಾಗ ಎಲ್ಲ ಸೇರಿ. ನಾಲ್ಕು ಪಾಲಿನ ಮನೆಗೆ 40–60 ಸೈಟಿನಲ್ಲಿ ಅರ್ಧ-ಅರ್ಧ ಒಪ್ಪಂದ ಅಂದರೆ ಇಷ್ಟೇ. ಎರಡು ಫ್ಲಾಟು ಬರುತ್ತೆ, ನಾಲ್ಕು ಜನ ಹಂಚಿಕೊಳ್ಳಬೇಕು, ಮತ್ತೆ ಮೊದಲಿನ ಪ್ರಶ್ನೆಗೇ ವಾಪಸ್ಸು.

ಹಾಗಾದರೆ ಐದು ಫ್ಲಾಟು ಎಲ್ಲಿಂದ ಬಂತು? ಮೇಲಿನ ಅಂತಸ್ತು ಮಂಜೂರಾದ ಪ್ಲಾನಿನಲ್ಲಿ ಇರುವುದಿಲ್ಲ. ಕೇಳಿದಾಗ "ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಸಾರ್, ಈ ರೋಡಲ್ಲಿ ಎಲ್ಲರೂ ಹಾಗೇ ಮಾಡಿರೋದು" ಅಂದರು. ಎಲ್ಲರೂ ಮಾಡಿರಬಹುದು. ಇಂಥ ಕಟ್ಟಡಗಳನ್ನು ದಂಡ ಕಟ್ಟಿಸಿ ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿದೆ. 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು, ಪ್ಲಾನಿನಂತೆ ಕಟ್ಟಿದೆ, ವಾಸ ಮಾಡಬಹುದು ಅಂತ ಕೊಡುವ ಸ್ವಾಧೀನ ಪ್ರಮಾಣಪತ್ರ, ಅಂದರೆ ನಾವೆಲ್ಲ ಒಸಿ ಅನ್ನುವುದು, ಅದಿಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ ಹೇಳಿತು. ಅದಾದ ಮೇಲೆ ಹೊಸ ಕಟ್ಟಡ ಮುಗಿಸಿ ಮೀಟರ್ ಸಿಗದೆ ಕಾದವರನ್ನು ನಾನೇ ನೋಡಿದ್ದೇನೆ. ಒಂದು ಫ್ಲೋರ್ ಜಾಸ್ತಿ ಕಟ್ಟಿದರೆ ಇಡೀ ಕಟ್ಟಡದ ಒಸಿ ನಿಲ್ಲುತ್ತದೆ. ತೊಂದರೆ ಅನುಭವಿಸುವುದು ಆಗ ಅಲ್ಲಿ ವಾಸ ಮಾಡುವವರು.

ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. "ರೇರಾ ಇದೆಯಲ್ಲ, ಭಯ ಯಾಕೆ" ಅಂತ ದೊಡ್ಡ ಮಗ ಕೇಳಿದರು. ರೇರಾ ಅಂದರೆ ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಕಾನೂನು. ಜಾಗ 500 ಚದರ ಮೀಟರ್ ದಾಟದೆ, ಫ್ಲಾಟೂ ಎಂಟು ದಾಟದಿದ್ದರೆ ಅದರ ನೋಂದಣಿಯೇ ಬೇಕಿಲ್ಲ. 40–60 ಸೈಟು ಬರೀ 223 ಚದರ ಮೀಟರ್. ಹಳೇ ಬಡಾವಣೆಗಳಲ್ಲಿ ಮನೆ ಒಡೆದು ಕಟ್ಟುವ ನಾಲ್ಕೈದು ಫ್ಲಾಟಿನ ಕಟ್ಟಡಗಳೆಲ್ಲ ಇದರ ಹೊರಗೇ ಉಳಿಯುತ್ತವೆ. ಕೆಲಸ ಅರ್ಧಕ್ಕೆ ನಿಂತರೆ ಸಿವಿಲ್ ಕೋರ್ಟೋ ಗ್ರಾಹಕ ಆಯೋಗವೋ ನೋಡಿಕೊಳ್ಳಬೇಕು. ಇಷ್ಟಾಗಿಯೂ ಒಪ್ಪಂದದಲ್ಲಿ ಬಿಲ್ಡರ್‌ಗೆ ಜಿಪಿಎ, ಅಂದರೆ ನಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರ, ಬರೆದುಕೊಡಬೇಕು, ಅದೂ ರದ್ದು ಮಾಡಲಾಗದ ಜಿಪಿಎ. ಎರಡು ವರ್ಷ ಅಮ್ಮ ಬಾಡಿಗೆ ಮನೆಯಲ್ಲಿ ಇರಬೇಕು.

ಔಟ್‌ಹೌಸಿನವರ ಬಗ್ಗೆ ಬಿಲ್ಡರ್ "ವೆಕೇಟ್ ಮಾಡಿಸೋದು ನನಗೆ ಬಿಡಿ" ಅಂದರು. ಆ ಮಾತು ಕೇಳಿ ಅಮ್ಮ ಮೊದಲ ಸಲ ಬಾಯಿ ಬಿಟ್ಟರು. "ಅವರನ್ನ ಕಳಿಸಿ ನಾನೆಲ್ಲಿಗೆ ಹೋಗ್ಲಪ್ಪ? ಇವನು ಆಫೀಸಿಗೆ ಹೋದ್ಮೇಲೆ ನಾನು ಬಿದ್ರೆ ಎತ್ತೋರು ಅವರೇ."

ಕಾನೂನಿನ ಪ್ರಕಾರವೂ ಅವರನ್ನು ಸುಮ್ಮನೆ ಎಬ್ಬಿಸಲು ಆಗುವುದಿಲ್ಲ. ಅವರ ಬಾಡಿಗೆ ತಿಂಗಳಿಗೆ 2,200 ರೂಪಾಯಿ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ವಾಸದ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇದೆ. ಕಾರಣ ತೋರಿಸಿ ಕೋರ್ಟಿನ ಮೂಲಕವೇ ಹೋಗಬೇಕು.

ಓಣಿ

ಪ್ಲಾನಿನಲ್ಲಿ ಒಂದು ಅಳತೆ ನನಗೆ ಸರಿ ಕಾಣಲಿಲ್ಲ. ಸೈಟಿನ ಉದ್ದ ಅರವತ್ತೆರಡೂವರೆ ಅಡಿ ಅಂತ ಹಾಕಿದ್ದರು. ಕ್ರಯಪತ್ರದಲ್ಲಿ ಅರವತ್ತು. ಟೇಪ್ ಹಿಡಿದು ಅಳೆದರೆ ಅವರ ಅಳತೆಯೇ ನಿಜ. ಎರಡೂವರೆ ಅಡಿ ಎಲ್ಲಿಂದ ಬಂತು ಅಂತ ಹಿಂದೆ ಹೋಗಿ ನೋಡಿದರೆ, ಔಟ್‌ಹೌಸಿನ ಬಚ್ಚಲು ಲೇನಿನ ಮೇಲೆ ನಿಂತಿದೆ. ಹಳೇ ಕಾಂಪೌಂಡಿನ ಕಲ್ಲುಕಂಬ ಬಚ್ಚಲಿನ ಗೋಡೆಯ ಒಳಗೇ ಇತ್ತು, ಗಾರೆ ಉದುರಿದ ಜಾಗದಲ್ಲಿ ಅದರ ಅಂಚು ಕಾಣುತ್ತಿತ್ತು. ಯಾವಾಗಲೋ ಒಮ್ಮೆ ರಿಪೇರಿ ಮಾಡುವಾಗ ಹೊರಗೆ ತಳ್ಳಿಬಿಟ್ಟಿದ್ದಾರೆ.

ಆ ಜಾಗ ಸಾರ್ವಜನಿಕರದ್ದು. ಬಿಟ್ಟುಕೊಡಲೇಬೇಕು ಅಂತ ನಾನು ಹೇಳಿದೆ, ಅಮ್ಮ ಎರಡನೇ ಮಾತಾಡಲಿಲ್ಲ. ಮಲ್ಲೇಶ್ವರದಲ್ಲಿ ಈ ಓಣಿಗಳಲ್ಲಿ ಕಸ ತುಂಬಿದೆ, ಎಷ್ಟೋ ಕಡೆ ಹೀಗೇ ಒತ್ತುವರಿ ಆಗಿದೆ. ಶುಚಿ ಮಾಡಿ ಬಿಟ್ಟರೆ ಗಾಡಿಯ ಕಾಟ ಇಲ್ಲದೆ ಮಕ್ಕಳು, ವಯಸ್ಸಾದವರು ನಡೆದಾಡಲು ಇದಕ್ಕಿಂತ ಒಳ್ಳೆಯ ದಾರಿ ನಗರದಲ್ಲಿ ಇಲ್ಲ. ಒಂದೊಂದು ಮನೆಯವರೂ ಎರಡೆರಡು ಅಡಿ ಹಿಂದೆ ಸರಿದರೆ ಸಾಕು.

ತಾರಸಿ ಮತ್ತು ಗೋಡೆ

ನನ್ನನ್ನು ಕರೆದಿದ್ದು ಇದಕ್ಕೆ. "ಮನೆ ಹಳತು, ಯಾವತ್ತಾದರೂ ಬೀಳುತ್ತೆ" ಅನ್ನೋದೇ ಮಾರಬೇಕು ಅನ್ನುವವರ ದೊಡ್ಡ ವಾದ. ಅದು ನಿಜವಾ ಅಂತ ನೋಡಬೇಕಲ್ವಾ?

ಮದ್ರಾಸ್ ತಾರಸಿ ಅಂದರೆ ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ಬಡಿದು ಗಟ್ಟಿ ಮಾಡಿದ್ದು. ಇದು ಕೆಡುವುದು ಸಾಮಾನ್ಯವಾಗಿ ನಡುವೆ ಅಲ್ಲ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗ ಇದೆಯಲ್ಲ, ಅಲ್ಲಿ. ಗೋಡೆಯ ತೇವ ಮರದ ತುದಿಗೆ ಹತ್ತುತ್ತದೆ, ಗಾಳಿ ಆಡುವುದಿಲ್ಲ. ನಾನು ಏಣಿ ಹತ್ತಿ ಒಂದೊಂದು ತೊಲೆಯ ತುದಿಗೂ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಹೆಚ್ಚಿನವು ಕಲ್ಲಿನ ಹಾಗೆ ಗಟ್ಟಿ, ಗೀರು ಸಹ ಬೀಳಲಿಲ್ಲ. ಬಚ್ಚಲುಮನೆ ಕಡೆಯ ಎರಡು ತೊಲೆಗಳಲ್ಲಿ ಮಾತ್ರ ಎರಡು ಬೆರಳು ಒಳಗೆ ಹೋಯಿತು, ಹಿಂದೆ ತೆಗೆದರೆ ಕಪ್ಪು ಪುಡಿ. ಅಷ್ಟೇ ರೋಗ.

ಸೋರಿಕೆ ಬಂದದ್ದು ಪ್ಯಾರಾಪೆಟ್ ಮತ್ತು ತಾರಸಿ ಸೇರುವ ಮೂಲೆಯಿಂದ. ಅಲ್ಲಿ ಒಂದು ಅರಳಿ ಸಸಿ ಬೇರು ಬಿಟ್ಟಿತ್ತು. ಹಿಂದೆ ಯಾರೋ ಸೋರುವುದು ನಿಲ್ಲಲಿ ಅಂತ ಮೇಲೆ ಸಿಮೆಂಟು ಎಳೆದಿದ್ದರು, ಅದು ಬಿರುಕು ಬಿಟ್ಟು ನೀರನ್ನು ಒಳಗೆ ಹಿಡಿದಿಟ್ಟುಕೊಂಡಿತ್ತು. ಗೋಡೆಗಳದ್ದೂ ಅದೇ ಕತೆ. ಸುಣ್ಣದ ಗೋಡೆಗೆ ಸಿಮೆಂಟು ಬಳಿದರೆ ನೆಲದಿಂದ ಏರುವ ತೇವ ಹೊರಗೆ ಆರಲು ದಾರಿ ಇಲ್ಲ, ಮಂಡಿ ಎತ್ತರದವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಆ ಎರಡು ತೊಲೆಗಳ ಪಕ್ಕದಲ್ಲಿ ಕಬ್ಬಿಣದ ಐ-ಸೆಕ್ಷನ್ ಕೂರಿಸಿದೆವು. ತಾರಸಿಯ ಸಿಮೆಂಟು ಪದರ ಕೆತ್ತಿ ತೆಗೆದು, ಸುಣ್ಣ-ಸುರ್ಕಿಯಲ್ಲಿ (ಸುರ್ಕಿ ಅಂದರೆ ಇಟ್ಟಿಗೆ ಪುಡಿ) ನೀರು ಹರಿಯುವ ಕಡೆಗೆ ಇಳಿಜಾರು ಸರಿ ಮಾಡಿದೆವು. ಗೋಡೆಗೆ ಮೂರು ಅಡಿ ಎತ್ತರದವರೆಗೆ ಸಿಮೆಂಟು ತೆಗೆದು ಸುಣ್ಣದ ಗಾರೆ. ವೈರಿಂಗ್ ಪೂರ್ತಿ ಹೊಸದು, ಅರ್ಥಿಂಗ್ ಇರಲೇ ಇಲ್ಲ. ಬಚ್ಚಲಿನ ಹೊಸ್ತಿಲು ತೆಗೆದು, ಜಾರದ ಟೈಲ್ಸ್, ಹಿಡಿದುಕೊಳ್ಳಲು ಸ್ಟೀಲ್ ಪೈಪು. ಕೆಂಪು ನೆಲ ಮುಟ್ಟಲಿಲ್ಲ, ಮುಟ್ಟುವ ಅಗತ್ಯವೇ ಇರಲಿಲ್ಲ. ಮಳೆನೀರು ಕೊಯ್ಲೂ ಈಗ ಮಾಡಿದೆವು. 2009ರ ಕಾನೂನಿನಂತೆ 2400 ಚದರಡಿ ಮತ್ತು ಅದಕ್ಕೂ ದೊಡ್ಡ ಸೈಟಿನ ಹಳೇ ಮನೆಗಳಿಗೂ ಅದು ಕಡ್ಡಾಯ, ಮಾಡಿಸದಿದ್ದರೆ ನೀರಿನ ಬಿಲ್ಲಿನ ಮೇಲೆ ದಂಡ ಬೀಳುತ್ತದೆ. ಔಟ್‌ಹೌಸಿನ ಬಚ್ಚಲು ಒಳಗೆ ಸರಿಸಿದ್ದೂ ಸೇರಿ ಒಟ್ಟು ಖರ್ಚು ಹನ್ನೊಂದು ಲಕ್ಷದ ಹತ್ತಿರ. ಹೊಸ ಫ್ಲಾಟಿನ ಕಾಗದಕ್ಕೆ ಹೋಗುತ್ತಿದ್ದ ದುಡ್ಡೂ ಹೆಚ್ಚುಕಮ್ಮಿ ಇಷ್ಟೇ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಗೋಡೆಗಳ ಮೇಲೆ ಇನ್ನೊಂದು ಅಂತಸ್ತು ಏರಿಸಲು ಆಗುವುದಿಲ್ಲ. ಅದು ಬೇಕಾದರೆ ಬೇರೆಯೇ ಪಿಲ್ಲರ್ ಹಾಕಬೇಕು. ಈ ರಿಪೇರಿ ಮನೆಗೆ ಇನ್ನೊಂದು ಇಪ್ಪತ್ತು ವರ್ಷ ಕೊಡುತ್ತದೆ, ಹೊಸ ಜಾಗ ಕೊಡುವುದಿಲ್ಲ.

ಹೆಸರು

ಆ ಭಾನುವಾರಕ್ಕೆ ವಾಪಸ್ ಬರುತ್ತೇನೆ. ಲೆಕ್ಕ ಎಲ್ಲ ಮುಗಿದಮೇಲೆ ಮಗಳು ಒಂದೇ ಮಾತು ಹೇಳಿದರು. "ಅಮ್ಮಾ, ನನಗೆ ದುಡ್ಡಿನ ಅವಸರ ಇಲ್ಲ. ಅಪ್ಪನ ಮನೆ ಕಾಗದದಲ್ಲಿ ನಾನೂ ಅವರ ಮಗಳು ಅಂತ ಇರಲಿ. ಅದು ಮೊದಲು ಆಗಲಿ, ಆಮೇಲೆ ಏನು ಮಾಡಿದ್ರೂ ಕೂತು ಮಾತಾಡೋಣ."

ತಮ್ಮ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಾದ ಮೇಲೆ "ಆಯ್ತಕ್ಕ, ಆ ಡ್ರಾಫ್ಟ್ ಮರೆತುಬಿಡು" ಅಂದರು.

ಇಂಥ ಎಷ್ಟೋ ಮನೆಗಳನ್ನು ನೋಡಿದಮೇಲೆ ನನಗೆ ಗಟ್ಟಿಯಾಗಿ ಅನಿಸುವುದು ಇದು: ಬೆಲೆಯ ಮಾತಿಗೂ ಮೊದಲು ಎಲ್ಲರ ಹೆಸರೂ ಖಾತೆಗೆ ಬರಬೇಕು. ಹೆಸರು ಬಂದವರು ಕಾಯಲು ತಯಾರಿರುತ್ತಾರೆ. ಹೆಸರು ಬರದವರಿಗೆ ಪ್ರತಿ ತಿಂಗಳೂ ಅನುಮಾನ, ಎಲ್ಲಿ ನನ್ನನ್ನು ಬಿಟ್ಟು ಮಾರುತ್ತಾರೋ ಅಂತ. ಅವರೇ ಪಾಲಿನ ದಾವೆ ಹಾಕುವುದು.

ಹಾಗಾಗಿ ಮೊದಲು ಕಾಗದ. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಮರಣ ಪ್ರಮಾಣಪತ್ರ, ವಂಶವೃಕ್ಷ, 1960ರ ದಶಕದ ಕ್ರಯಪತ್ರ, ತೆರಿಗೆ ರಸೀದಿ, ಕರೆಂಟ್ ಬಿಲ್ಲು, ಎಲ್ಲರ ಆಧಾರ್. ಇಸಿಯಲ್ಲಿ, ಅಂದರೆ ಆಸ್ತಿಯ ಮೇಲಿನ ವ್ಯವಹಾರ, ಸಾಲ ತೋರಿಸುವ ಪತ್ರದಲ್ಲಿ, 2004ರಿಂದ ಈಚೆಗಿನದು ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಪುಸ್ತಕ ತೆಗೆಸಿ ನೋಡಬೇಕು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ಆಸ್ತಿಯ ನೋಂದಣಿ ಆಗುವುದಿಲ್ಲ, ಆದ್ದರಿಂದ ಇದನ್ನು ಮುಂದೂಡುವುದರಲ್ಲಿ ಅರ್ಥವೇ ಇರಲಿಲ್ಲ. ಇ-ಖಾತಾಕ್ಕೆ ಸೈಟಿನ ಅಳತೆ, ಫೋಟೋ ಕೇಳುತ್ತಾರೆ. ಬಚ್ಚಲನ್ನು ಮೊದಲೇ ಒಳಗೆ ಸರಿಸಿದ್ದು ಅಲ್ಲಿ ಉಪಯೋಗಕ್ಕೆ ಬಂತು, ಕಾಗದದ ಅರವತ್ತು ಅಡಿಯೂ ನೆಲದ ಅರವತ್ತು ಅಡಿಯೂ ಒಂದೇ ಆಯಿತು. ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಅಂತೂ ಕೊನೆಗೆ ನಾಲ್ಕು ಹೆಸರಿನ ಖಾತೆ ಕೈಗೆ ಬಂತು.

ದೊಡ್ಡ ಮಗ ಬರಲು ಆಗಲಿಲ್ಲ, ಪವರ್ ಆಫ್ ಅಟಾರ್ನಿ ಕಳಿಸಿದರು, ಅಕ್ಕನ ಹೆಸರಿಗೆ. ತಮ್ಮನ ಹೆಸರಿಗಲ್ಲ, ಇದು ಅಮ್ಮನ ಸಲಹೆ. ವಿದೇಶದಲ್ಲಿ ಮಾಡಿದ ಪತ್ರ ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಅದನ್ನು ಮರೆಯಬಾರದು.

ಒಪ್ಪಂದ

ವಕೀಲರ ಹತ್ತಿರ ನಾಲ್ಕೂ ಜನ ಒಂದು ಒಪ್ಪಂದ ಬರೆಸಿಕೊಂಡರು. ಅಮ್ಮ ಇರುವವರೆಗೆ ಮಾರುವುದಿಲ್ಲ, ಪಾಲೂ ಕೇಳುವುದಿಲ್ಲ. ಮುಂದಿನ ಎರಡು ಕೋಣೆ ಮತ್ತು ಜಗಲಿ ಬೇರೆ ಬಾಗಿಲು ಮಾಡಿ ಬಾಡಿಗೆಗೆ. ಆ ಬಾಡಿಗೆ ದೊಡ್ಡ ಮಗ ಮತ್ತು ಮಗಳಿಗೆ ಸಮನಾಗಿ, ಯಾಕೆಂದರೆ ಚಿಕ್ಕ ಮಗ ಅಲ್ಲೇ ವಾಸ ಇದ್ದು ಮನೆಯ ಉಪಯೋಗ ಪಡೆಯುತ್ತಾರೆ. ಆಸ್ತಿ ತೆರಿಗೆ ಚಿಕ್ಕ ಮಗನದ್ದು, ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ರಿಪೇರಿ ಖರ್ಚು ಮೂವರು ಮಕ್ಕಳದ್ದು. ಅಮ್ಮನ ಪಾಲಿನ ಖರ್ಚನ್ನೂ ಅವರೇ ಹಾಕಿಕೊಂಡರು. ಅಮ್ಮನನ್ನು ನೋಡಿಕೊಳ್ಳುವುದಕ್ಕೆ ಬೆಲೆ ಕಟ್ಟುವುದು ಬೇಡ ಅಂತ ಚಿಕ್ಕ ಸೊಸೆಯೇ ಹೇಳಿದರು, ಆದರೆ ಮಗಳು ತಿಂಗಳಿಗೆ ಒಂದು ವಾರ ಬಂದಿರುವುದು, ಆಗ ತಮ್ಮ ದಂಪತಿಗೆ ಬಿಡುವು, ಅಂತ ಬರೆಸಿದರು. ಕಾಗದದಲ್ಲಿ ಇದನ್ನು ಬರೆಸಿದ ಮನೆ ನಾನು ನೋಡಿದ್ದು ಇದೇ ಮೊದಲು. ತುಂಬ ಖುಷಿಯಾಯಿತು.

ಮುಂದೆ ಯಾರಾದರೂ ತಮ್ಮ ಪಾಲು ಮಾರಬೇಕು ಅಂದರೆ ಮೊದಲು ಉಳಿದವರಿಗೆ ಕೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಲ್ಲೇ ಜೊತೆ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕು ಇದೆ. ಒಪ್ಪಂದದಲ್ಲಿ ಅದನ್ನು ಬಿಡಿಸಿ ಬರೆದು, ಬೆಲೆ ಹೇಗೆ ಕಟ್ಟಬೇಕು, ಎಷ್ಟು ತಿಂಗಳೊಳಗೆ ಉತ್ತರ ಕೊಡಬೇಕು ಅಂತ ಸೇರಿಸಿದರು. ಅಮ್ಮ ತಮ್ಮ ಕಾಲು ಭಾಗಕ್ಕೆ ಉಯಿಲು ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಂದಣಿಯನ್ನೂ ಮಾಡಿಸಿದರು. ಉಯಿಲಿಗೆ ಮುದ್ರಾಂಕ ಶುಲ್ಕ ಇಲ್ಲ, ನೋಂದಣಿ ಕಡ್ಡಾಯವೂ ಅಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಅದರಲ್ಲಿ ಏನಿದೆ ಅಂತ ಅವರು ಯಾರಿಗೂ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ.

ಅಮ್ಮನ ನಂತರ ಏನು ಅನ್ನೋದು ಹಾಗೇ ಇದೆ. ಮೂವರಲ್ಲಿ ಇಬ್ಬರು ಮಾರೋಣ ಅಂದರೆ ಮೂರನೆಯವರು ಅವರ ಪಾಲು ಕೊಳ್ಳುವಷ್ಟು ದುಡ್ಡು ಹೊಂದಿಸುವುದು ಕಷ್ಟವೇ. ಆಗ ಮನೆ ಹೋಗಬಹುದು. ಮಾವು, ಸಂಪಿಗೆಗೂ ಆಗ ಆಪತ್ತು, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ ಅನ್ನೋದಷ್ಟೇ ಅವಕ್ಕೆ ಕಾವಲು. ಆದರೆ ಅವತ್ತು ಮಾರುವುದಾದರೂ ಕಾಗದ ಶುದ್ಧ ಇರುತ್ತದೆ, ಅಳತೆ ಸರಿ ಇರುತ್ತದೆ, ಮೂವರೂ ಮಾತಾಡುವ ಸ್ಥಿತಿಯಲ್ಲಿ ಇರುತ್ತಾರೆ.

ಈಗಿನ ಸ್ಥಿತಿ: ಮುಂದಿನ ಎರಡು ಕೋಣೆಗಳಿಗೆ ಸಂಗೀತ ಪಾಠ ಹೇಳುವ ಟೀಚರ್ ಒಬ್ಬರು ಬಂದಿದ್ದಾರೆ, ಸಂಜೆ ಹೊತ್ತು ಮಕ್ಕಳು ಬರುತ್ತಾರೆ. ಆ ಭಾಗಕ್ಕೆ ಬೇರೆ ಕರೆಂಟ್ ಮೀಟರ್‌ಗೆ ಅರ್ಜಿ ಹಾಕಿದೆ, ಬರುವವರೆಗೆ ಸಬ್‌ಮೀಟರ್ ನೋಡಿ ಲೆಕ್ಕ ಹಾಕುತ್ತಿದ್ದಾರೆ. ಔಟ್‌ಹೌಸಿನವರು ಅಲ್ಲೇ ಇದ್ದಾರೆ, ಹೊಸ ಬಚ್ಚಲು ಆದಮೇಲೆ ತಾವಾಗಿಯೇ ಬಾಡಿಗೆ ಮುನ್ನೂರು ರೂಪಾಯಿ ಏರಿಸಿಕೊಂಡರು. ಬಚ್ಚಲು ತೆಗೆದ ಜಾಗದಲ್ಲಿ ಓಣಿಗೆ ಬಿದ್ದಿದ್ದ ಇಟ್ಟಿಗೆ ಚೂರುಗಳನ್ನು ಎರಡು ಟ್ರ್ಯಾಕ್ಟರ್ ಲೋಡ್ ಹೊರಗೆ ಹಾಕಿಸಿದ್ದಾಯಿತು, ಪಕ್ಕದ ಮನೆಯವರ ಹತ್ತಿರವೂ ಅವರ ಎರಡು ಅಡಿಯ ಬಗ್ಗೆ ಮಾತು ಶುರುವಾಗಿದೆ.